ಮರದ ನಾಮಫಲಕ ಬರೆಯುವ ಮುನ್ನ

ಶಾಲೆಯ ಹೆಸರು, ತೋಟದ ಗಿಡಗಳ ಹೆಸರು, ಪ್ರಯೋಗಾಲಯದ ಎಚ್ಚರಿಕೆಯ ಮಾತು - ಇವೆಲ್ಲವನ್ನೂ ವಿದ್ಯಾರ್ಥಿಗಳೇ ಮರದ ಹಲಗೆಯ ಮೇಲೆ ಬಣ್ಣದಿಂದ ಬರೆಯಬಹುದು. ಕರ್ನಾಟಕದಲ್ಲಿ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್‌ಗಳನ್ನು ನಿಷೇಧಿಸಲಾಯಿತು. ಅಂದಮೇಲೆ ಕುಂಚದ ಬರವಣಿಗೆಯನ್ನು ಕಲಿಯಲು ಒಳ್ಳೆಯ ಕಾರಣವೇ ಇದೆ. ಬೇಸಿಗೆ ರಜೆಯಲ್ಲಿ ಮಾನ್ವಿಯ ಶಾಲೆಯೊಂದರ ಅಂಗಳದಲ್ಲಿ ನೀವು ಇಪ್ಪತ್ತು ಮಕ್ಕಳಿಗಾಗಿ ಇಂಥ ಕಮ್ಮಟ ನಡೆಸುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಹಲಗೆ, ಬಣ್ಣ, ಕುಂಚ ಸಿದ್ಧವಾಗಿವೆ. ಕೆಲಸ ಆರಂಭಿಸುವ ಮೊದಲು ಇದರಲ್ಲಿ ಅಡಗಿರುವ ವಿಜ್ಞಾನವನ್ನು ಸ್ವಲ್ಪ ನೋಡೋಣ.

ಹಲಗೆ ಉಸಿರಾಡುತ್ತದೆ

ಒಣಗಿದ ಮರವೂ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಸಾಪೇಕ್ಷ ಆರ್ದ್ರತೆ 30% ಇರುವ ಗಾಳಿಯಲ್ಲಿ ಬಹಳ ದಿನ ಇಟ್ಟರೆ ಮರದ ತೇವಾಂಶ ಸುಮಾರು 6%ಕ್ಕೆ ಬಂದು ನಿಲ್ಲುತ್ತದೆ. ಆರ್ದ್ರತೆ 70%ಕ್ಕೆ ಏರಿದರೆ ತೇವಾಂಶವೂ ಸುಮಾರು 12%ಕ್ಕೆ ಏರುತ್ತದೆ. ಕೃಷ್ಣಾ-ತುಂಗಭದ್ರೆಯರ ನಡುವಿನ ಈ ನಾಡಿನಲ್ಲಿ 40 ಡಿಗ್ರಿ ಸೆಲ್ಸಿಯಸ್ ಮೀರುವ ಒಣ ಬೇಸಿಗೆಯೂ ಇದೆ, ಅದರ ಬೆನ್ನಿಗೇ ಮಳೆಗಾಲವೂ ಬರುತ್ತದೆ. ಆದ್ದರಿಂದ ಇಂಥ ಏರಿಳಿತ ಇಲ್ಲಿ ಸಹಜ.

ತೇಗದಂಥ ಮರದ ಹಲಗೆಯ ತೇವಾಂಶ 1% ಹೆಚ್ಚಿದಾಗ ಅದರ ಅಗಲ ಸುಮಾರು 0.2% ಹಿಗ್ಗುತ್ತದೆ. ಹಾಗಾದರೆ 30 ಸೆಂಟಿಮೀಟರ್ ಅಗಲದ ಹಲಗೆ ಬೇಸಿಗೆಯಿಂದ ಮಳೆಗಾಲಕ್ಕೆ ಎಷ್ಟು ಹಿಗ್ಗೀತು? 300 × 0.002 × 6 = 3.6 ಮಿಲಿಮೀಟರ್. ಅಷ್ಟೇ ಅಗಲದ ಉಕ್ಕಿನ ತಗಡು 20 ಡಿಗ್ರಿ ಬಿಸಿಯಾದರೆ ಹಿಗ್ಗುವುದು ಕೇವಲ 0.07 ಮಿಲಿಮೀಟರ್. ಮರದ್ದು ಅದರ ಐವತ್ತು ಪಟ್ಟು! ಆದರೆ ಎಳೆಗಳ ದಿಕ್ಕಿನಲ್ಲಿ, ಅಂದರೆ ಉದ್ದದಲ್ಲಿ, ಹಲಗೆ ಹಿಗ್ಗುವುದು ಅತ್ಯಲ್ಪ. ಹಲಗೆಯ ಹಿಂದೆ ಅಡ್ಡಪಟ್ಟಿಯನ್ನಿಟ್ಟು ಎರಡೂ ಅಂಚಿಗೆ ಬಿಗಿಯಾಗಿ ಮೊಳೆ ಹೊಡೆದರೆ ಹಲಗೆ ಸೀಳುವುದೇಕೆ ಎಂಬುದು ಈಗ ನಿಮಗೆ ಅರ್ಥವಾಗಿರಬೇಕು. ಮಧ್ಯದಲ್ಲಿ ಬಿಗಿಯಾಗಿ, ಅಂಚಿನಲ್ಲಿ ಉದ್ದನೆಯ ರಂಧ್ರದ ಮೂಲಕ ಸಡಿಲವಾಗಿ ಕೂಡಿಸುವುದೇ ಇದಕ್ಕೆ ಪರಿಹಾರ.

ಮರದ ಎಳೆಗಳೆಂದರೆ ಸೂಕ್ಷ್ಮ ಕೊಳವೆಗಳ ಕಟ್ಟು. ಹಲಗೆಯ ಕೊಯ್ದ ತುದಿಗಳಲ್ಲಿ ಈ ಕೊಳವೆಗಳ ಬಾಯಿ ತೆರೆದಿರುತ್ತದೆ. ಅಲ್ಲಿ ಕೇಶಾಕರ್ಷಣೆಯಿಂದ ನೀರು ಬಹುಬೇಗ ಒಳಸೇರುತ್ತದೆ. ಹಾಗಾಗಿ ಮುಖಕ್ಕೆ ಬಣ್ಣ ಬಳಿಯುವ ಮೊದಲು ತುದಿಗಳಿಗೆ ಎರಡು ಲೇಪ ಪ್ರೈಮರ್ ಹಚ್ಚಬೇಕು. ಹಿಂಬದಿಯನ್ನೂ ಮರೆಯಬಾರದು. ಒಂದೇ ಬದಿಗೆ ಬಣ್ಣ ಬಳಿದರೆ ಇನ್ನೊಂದು ಬದಿ ಮಾತ್ರ ತೇವ ಹೀರಿ ಹಲಗೆ ಬಾಗುತ್ತದೆ. 1997ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದು ಈಗ ಕೊಪ್ಪಳ ಜಿಲ್ಲೆಗೆ ಸೇರಿರುವ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಗಳಿಗೆ ಮೊದಲು ಹುಣಸೆ ಬೀಜದ ಅಂಟು, ಮರದ ಹೊಟ್ಟು ಸೇರಿದ ಲೇಪ ಕೊಟ್ಟು, ಆಮೇಲೆ ಬಣ್ಣ ಹಚ್ಚುತ್ತಾರೆ. ಸಂದುಗಳನ್ನೂ ರಂಧ್ರಗಳನ್ನೂ ಮುಚ್ಚುವ ಈ ಉಪಾಯದ ಹಿಂದಿರುವುದು ಇದೇ ತತ್ತ್ವ.

ಬಿಳಿ ಬಣ್ಣ ಮುಚ್ಚುವುದು ಹೇಗೆ?

ಒಂದು ಸರಳ ಪ್ರಯೋಗ ಮಾಡಿ. ಸೀಮೆಸುಣ್ಣದ ಪುಡಿಯನ್ನು ಕಪ್ಪು ಕಾಗದದ ಮೇಲೆ ಹರಡಿ. ಅಚ್ಚ ಬಿಳಿಯಾಗಿ ಕಾಣುತ್ತದೆ. ಅದರ ಮೇಲೆ ಎರಡು ಹನಿ ಅಡುಗೆ ಎಣ್ಣೆ ಹಾಕಿ. ಬಿಳುಪು ಮಾಸಿ ಕೆಳಗಿನ ಕಪ್ಪು ಇಣುಕುತ್ತದೆ. ಪುಡಿ ಅದೇ, ಬಿಳುಪು ಎಲ್ಲಿ ಹೋಯಿತು?

ಎರಡು ಮಾಧ್ಯಮಗಳು ಕೂಡುವಲ್ಲಿ ಅವುಗಳ ವಕ್ರೀಭವನಾಂಕಗಳ ವ್ಯತ್ಯಾಸ ಹೆಚ್ಚಿದ್ದಷ್ಟೂ ಬೆಳಕು ಹೆಚ್ಚು ಹಿಂದಿರುಗುತ್ತದೆ. ಸುಣ್ಣದ ಪುಡಿಯ ವಕ್ರೀಭವನಾಂಕ ಸುಮಾರು 1.6, ಗಾಳಿಯದು 1, ಎಣ್ಣೆಯದು ಸುಮಾರು 1.5. ಲಂಬವಾಗಿ ಬೀಳುವ ಬೆಳಕಿನಲ್ಲಿ ಪ್ರತಿಫಲಿಸುವ ಪಾಲು, ವಕ್ರೀಭವನಾಂಕಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ ಬಂದುದರ ವರ್ಗ. ಗಾಳಿಯಲ್ಲಿ ಇದು ಸುಮಾರು 5%, ಎಣ್ಣೆಯಲ್ಲಿ ಕೇವಲ 0.1%! ಇಂದಿನ ಬಿಳಿ ಬಣ್ಣಗಳಲ್ಲಿರುವ ಟೈಟೇನಿಯಂ ಡೈಆಕ್ಸೈಡ್‌ನ ರೂಟೈಲ್ ರೂಪದ ವಕ್ರೀಭವನಾಂಕ ಸುಮಾರು 2.7. ಎಣ್ಣೆಯೊಳಗೂ ಅದರ ಪ್ರತಿಫಲನ ಸುಮಾರು 8%, ಅಂದರೆ ಸುಣ್ಣದ ಎಂಬತ್ತು ಪಟ್ಟು. ಕಣಗಳು ಬೆಳಕಿನ ತರಂಗದೂರಕ್ಕಿಂತ ಚಿಕ್ಕವಾದ್ದರಿಂದ ನಿಜವಾದ ಚದರಿಕೆಯ ಲೆಕ್ಕ ಇದಕ್ಕಿಂತ ಕಠಿಣ. ಆದರೂ ಎರಡೇ ಲೇಪದಲ್ಲಿ ಮರದ ಬಣ್ಣ ಮರೆಯಾಗುವ ಗುಟ್ಟು ಇಷ್ಟೇ.

ಒಣಗುವುದೆಂದರೆ ಆರುವುದಲ್ಲ

ಎಣ್ಣೆ ಬಣ್ಣದಲ್ಲಿ ಟರ್ಪೆಂಟೈನ್‌ನಂಥ ದ್ರಾವಕ ಮೊದಲು ಆರಿಹೋಗುತ್ತದೆ. ಬಳಿಕ ಎಣ್ಣೆಯು ಗಾಳಿಯ ಆಕ್ಸಿಜನ್ ಹೀರಿಕೊಂಡು, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತದೆ. ನಮ್ಮ ಊಟದ ಚಟ್ನಿಪುಡಿಗೆ ಬೀಳುವ ಅಗಸೆ ಬೀಜದ ಎಣ್ಣೆ ಹೀಗೆ ಒಣಗುವ ಜಾತಿಯದು; ಶೇಂಗಾ ಎಣ್ಣೆ ಹಾಗೆ ಒಣಗದು. ಗಾಜಿನ ಪಟ್ಟಿಗಳ ಮೇಲೆ ಎರಡನ್ನೂ ತೆಳ್ಳಗೆ ಸವರಿ, ಕೆಲವು ದಿನ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ ನೋಡಿ. ಅಗಸೆ ಎಣ್ಣೆ ಒಣಗುತ್ತ ತೂಕ ಹೆಚ್ಚಿಸಿಕೊಳ್ಳುತ್ತದೆ!

ಈ ಕ್ರಿಯೆಯಲ್ಲಿ ಉಷ್ಣ ಬಿಡುಗಡೆಯಾಗುತ್ತದೆ. ಹಲಗೆಯ ಮೇಲೆ ಅದು ಗಾಳಿಗೆ ಚದುರಿಹೋಗುತ್ತದೆ. ಆದರೆ ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮೂಲೆಯಲ್ಲಿ ಗುಡ್ಡೆ ಹಾಕಿದರೆ ಉಷ್ಣ ಒಳಗೇ ಉಳಿದು, ಕ್ರಿಯೆ ಇನ್ನೂ ವೇಗಗೊಂಡು, ಬೆಂಕಿ ತಾನಾಗಿಯೇ ಹತ್ತಬಹುದು. ಕಡ್ಡಿ ಗೀರುವ ಅಗತ್ಯವೇ ಇಲ್ಲ. ಅಂಥ ಬಟ್ಟೆಗಳನ್ನು ಬಯಲಲ್ಲಿ ಬಿಡಿಬಿಡಿಯಾಗಿ ಹರಡಿ, ಇಲ್ಲವೆ ನೀರು ತುಂಬಿದ ಲೋಹದ ಡಬ್ಬಿಯಲ್ಲಿಡಿ.

ಸೀಸದ ವಿಚಾರದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಹಿಂದೆ ಬಿಳಿ, ಹಳದಿ, ಕೆಂಪು ಬಣ್ಣಗಳಿಗೆ ಸೀಸದ ಸಂಯುಕ್ತಗಳನ್ನು ಧಾರಾಳವಾಗಿ ಬಳಸುತ್ತಿದ್ದರು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿಕರ. ಗೃಹಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂದು ಭಾರತ ಸರ್ಕಾರ 2016ರಲ್ಲಿ ನಿಯಮ ಮಾಡಿತು. ಅದು 2017ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಕೈಗಾರಿಕಾ ಬಣ್ಣಗಳು ಈ ನಿಯಮದ ವ್ಯಾಪ್ತಿಯಲ್ಲಿಲ್ಲ. ಆದ್ದರಿಂದ ಡಬ್ಬಿಯ ಮೇಲಿನ ವಿವರ ಓದಿಯೇ ಕೊಳ್ಳಿ. ಖರ್ಚು ಉಳಿಸಲು ಹಳೆಯ ಬಾಗಿಲಿನ ಹಲಗೆ ತಂದು ಮಕ್ಕಳ ಕೈಯಲ್ಲಿ ಮರಳು ಕಾಗದದಿಂದ ಉಜ್ಜಿಸಬೇಡಿ. ಆ ದೂಳಿನಲ್ಲಿ ಸೀಸ ಇರಬಹುದು.

ಧನವೋ, ದನವೋ?

ಆರೋಗ್ಯವಂತ ಕಣ್ಣು ಬೇರೆ ಬೇರೆಯಾಗಿ ಗುರುತಿಸಬಲ್ಲ ಅತಿ ಚಿಕ್ಕ ಕೋನ ಸುಮಾರು ಒಂದು ಆರ್ಕ್ ಮಿನಿಟ್, ಅಂದರೆ ಒಂದು ಡಿಗ್ರಿಯ 60ನೇ ಒಂದು ಭಾಗ. 30 ಮೀಟರ್ ದೂರದಲ್ಲಿ ಇದು ಸುಮಾರು 9 ಮಿಲಿಮೀಟರ್‌ಗೆ ಸಮ. ಕನ್ನಡದಲ್ಲಿ 'ದ'ಗೂ 'ಧ'ಗೂ ಇರುವ ವ್ಯತ್ಯಾಸ ಹೊಟ್ಟೆ ಸೀಳಿದ ಒಂದು ಪುಟ್ಟ ಗೆರೆ ಮಾತ್ರ. ಆ ಗೆರೆ 9 ಮಿಲಿಮೀಟರ್‌ಗಿಂತ ಚಿಕ್ಕದಾದರೆ ರಸ್ತೆಯಾಚೆ ನಿಂತವರಿಗೆ 'ಧನ' ಕಾಣುವುದು 'ದನ'ವಾಗಿಯೇ! ಸುಲಭವಾಗಿ ಓದಲು ಇದರ ಎರಡರಷ್ಟು ಇರಲಿ. 'ಮಾನ್ವಿ' ಎಂದು ಬರೆಯುವಾಗ ಒತ್ತಕ್ಷರಕ್ಕೆ ಸಾಲಿನ ಕೆಳಗೂ ಜಾಗ ಬೇಕು. ಜಾಗ ಸಾಲದೆ ಒತ್ತನ್ನು ಕುಗ್ಗಿಸಿದರೆ ಮೊದಲು ಮರೆಯಾಗುವುದು ಅದೇ. ಆದ್ದರಿಂದ ಹಲಗೆಯ ಅಳತೆಗೆ ತಕ್ಕಂತೆ ಅಕ್ಷರ ಬರೆಯುವ ಬದಲು, ಓದುವವರ ದೂರದಿಂದ ಅತಿ ಚಿಕ್ಕ ಗೆರೆಯ ಅಳತೆ, ಅದರಿಂದ ಅಕ್ಷರದ ಎತ್ತರ, ಕೊನೆಗೆ ಹಲಗೆಯ ಅಳತೆ - ಈ ಕ್ರಮದಲ್ಲಿ ಲೆಕ್ಕ ಹಾಕಿಸಿ.

ಬಣ್ಣ ಬಳಿಯಲು ಬೆಳಗಿನ ಹೊತ್ತು, ನೆರಳಿನ ಜಾಗ ಉತ್ತಮ. ಸುಡುವ ಬಿಸಿಲಲ್ಲಿ ಮೇಲ್ಪದರ ಬೇಗ ಗಟ್ಟಿಯಾಗಿ, ಒಳಗಿನದು ಹಸಿಯಾಗಿಯೇ ಉಳಿದು ಪೊರೆ ಸುಕ್ಕುಗಟ್ಟುತ್ತದೆ. ಫಲಕಗಳ ಜೊತೆಗೆ ಬಣ್ಣ ಹಚ್ಚದ ಒಂದು ಹಲಗೆಯನ್ನೂ ತೂಗುಹಾಕಿ, ಅದರ ಅಗಲ ಮತ್ತು ತೂಕವನ್ನು ತಿಂಗಳಿಗೊಮ್ಮೆ ವಿದ್ಯಾರ್ಥಿಗಳಿಂದ ಅಳೆಸಿ, ನಕ್ಷೆ ಬಿಡಿಸಲು ಹೇಳಿ. ಒಂದು ವರ್ಷದಲ್ಲಿ ನಿಮ್ಮೂರಿನ ಹವೆಯ ದಾಖಲೆಯೇ ಆ ಹಲಗೆಯಲ್ಲಿ ಸಿಗುತ್ತದೆ.