ಡಿಜಿಟಲ್ ಕಾಲದಲ್ಲಿ ಬಿಡಾರದ ಟಿ.ವಿ.

ಒಂದು ಕಡೆ ನೆಲೆ ನಿಲ್ಲದವರ ಮನೆಯಲ್ಲಿ ಟಿ.ವಿ.ಯನ್ನು ಹೋದ ಹೋದಲ್ಲೆಲ್ಲ ಹೊಸದಾಗಿ ಹೂಡಬೇಕು. ಶಿವಮೊಗ್ಗ–ಹೊನ್ನಾಳಿ ರಸ್ತೆಯ ಹೊಳಲೂರಿನ ಸುತ್ತಮುತ್ತ ಭತ್ತದ ಕೊಯ್ಲಿಗೆ ಯಂತ್ರಗಳ ಜತೆ ತಮಿಳುನಾಡಿನಿಂದ ಬರುವ ತಂಡಗಳು, ರಸ್ತೆ–ಕಾಲುವೆ ಕಾಮಗಾರಿಯ ಕೂಲಿಗಳು, ಜಾತ್ರೆಯಿಂದ ಜಾತ್ರೆಗೆ ಸಾಗುವ ಅಂಗಡಿಯವರು, ತಿಂಗಳುಗಟ್ಟಲೆ ಕ್ಯಾಂಪ್ ಹಾಕುವ ನಾಟಕ ಕಂಪನಿಯವರು ಇಂಥ ಮನೆಗಳಲ್ಲಿ ಬದುಕುತ್ತಾರೆ. ಟಾರ್ಪಾಲಿನ ಗುಡಾರ, ತಗಡಿನ ಶೆಡ್ಡು, ಕೆಲವೊಮ್ಮೆ ಲಾರಿಯ ಹಿಂಭಾಗವೇ ಅವರ ಮನೆ. ಅಮೆರಿಕದಲ್ಲಿ ಕಾರಿಗೆ ಕಟ್ಟಿ ಎಳೆದೊಯ್ಯುವ ಗಾಲಿಮನೆಗೂ ನಮ್ಮ ಪ್ರವಾಸಿ ಕ್ಯಾರವಾನ್‌ಗೂ ಇರುವ ತೊಡಕು ಇವಕ್ಕೂ ಇದೆ. ಪ್ರಸಾರ ಡಿಜಿಟಲ್ ಆದಾಗ ಆ ತೊಡಕಿನ ಸ್ವರೂಪವೇ ಬದಲಾಯಿತು. ಭಾರತದಲ್ಲಿ ಅದು ಬದಲಾದ ರೀತಿ ಬೇರೆ ದೇಶಗಳಿಗಿಂತ ಬೇರೆ, ಒಟ್ಟಿನಲ್ಲಿ ಬಿಡಾರದವರಿಗೆ ಅನುಕೂಲವಾಗಿಯೇ ಬದಲಾಯಿತು.

ಕನ್ನಡ ನಾಡಿನ ಹಳ್ಳಿಗಳಿಗೆ ಟಿ.ವಿ. ಮೊದಲು ಬಂದದ್ದೇ ಆಕಾಶದಿಂದ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್–6 ಉಪಗ್ರಹ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸಿತು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಆಗ ಬಳಸಿದ ಜಾಲರಿಯ ಡಿಶ್‌ಗಳ ಅಗಲ ಸುಮಾರು ಮೂರು ಮೀಟರ್. ಗುಡಾರದ ಪಕ್ಕ ನೆಡುವ ವಸ್ತು ಅದಲ್ಲ, ಊರ ನಡುವೆ ಎಲ್ಲರೂ ಕೂತು ನೋಡುವ ಟಿ.ವಿ.ಗೆಂದು ಮಾಡಿದ್ದು. ಆಮೇಲೆ ದೂರದರ್ಶನ ನೆಲದ ಮೇಲಿನ ಟವರುಗಳ ದಾರಿ ಹಿಡಿಯಿತು. 1981ರ ನವೆಂಬರ್‌ನಲ್ಲಿ ಬೆಂಗಳೂರು ಕೇಂದ್ರ ಶುರುವಾಯಿತು. 1984ರ ಕೆಲವು ತಿಂಗಳಂತೂ ದೇಶದಲ್ಲಿ ದಿನಕ್ಕೊಂದರಂತೆ ಮರುಪ್ರಸಾರ ಕೇಂದ್ರಗಳು ಎದ್ದವು. ಶಿವಮೊಗ್ಗಕ್ಕೂ ಟವರು ಬಂತು, ಹೊಳಲೂರಿನ ಹೆಂಚಿನ ಮನೆಗಳ ಮೇಲೆ ಆಂಟೆನಾ ಕಂಬಗಳು ನಿಂತವು.

ಆ ಕಾಲದಲ್ಲಿ ಬಿಡಾರದ ಟಿ.ವಿ. ಎಂದರೆ 14 ಇಂಚಿನ ಕಪ್ಪು–ಬಿಳುಪು ಸೆಟ್ಟು. ಅದರ ಬೆನ್ನಿಗೆ 12 ವೋಲ್ಟ್ ಬ್ಯಾಟರಿ ಸಿಕ್ಕಿಸುವ ಕಿಂಡಿ ಇರುತ್ತಿತ್ತು. ಟ್ರ್ಯಾಕ್ಟರಿನದೋ ಲಾರಿಯದೋ ಬ್ಯಾಟರಿ ಬಿಚ್ಚಿ ತಂದು ವೈರು ಹಚ್ಚಿದರೆ ಕರೆಂಟಿಲ್ಲದ ಬಯಲಲ್ಲೂ ಭಾನುವಾರದ ಸಿನಿಮಾ ನೋಡಬಹುದಿತ್ತು. ಕಷ್ಟವಿದ್ದದ್ದು ಆಂಟೆನಾದಲ್ಲಿ. ಸಣ್ಣ ಟವರುಗಳ ಶಕ್ತಿ 100 ವಾಟ್ ಮಾತ್ರ, ಅವು ಮುಟ್ಟುತ್ತಿದ್ದದ್ದು ಹೆಚ್ಚೆಂದರೆ 15–25 ಕಿಲೋಮೀಟರ್. ಹೊಳಲೂರಿನಂಥ ಊರು ಅಂಥ ಎಲ್ಲೆಯ ಅಂಚಿಗೆ ಬರುತ್ತದೆ. ಅಂಚಿನಲ್ಲಿ ಕಂಬದ ಎತ್ತರ ಒಂದೆರಡು ಮಾರು ಹೆಚ್ಚಾದರೂ ಚಿತ್ರ ಬೇರೆ, ನಡುವೆ ಗುಡ್ಡವೊಂದು ಬಂದರೂ ಚಿತ್ರ ಬೇರೆ. ಒಬ್ಬ ಕಂಬ ತಿರುಗಿಸುತ್ತ ‘ಬಂತೇನೋ?’ ಎಂದು ಕೂಗುವುದು, ಒಳಗಿನಿಂದ ‘ಇನ್ನೂ ಗ್ರೇನ್ಸ್ ಐತೆ, ಒಂಚೂರು ಈ ಕಡೆ… ಸಾಕು ಸಾಕು, ಬಿಡು!’ ಎಂಬ ಉತ್ತರ ಬರುವುದು ಆ ಕಾಲದ ಪ್ರತಿ ಮನೆಯ ಸಂಗತಿ. ಬಿಡಾರದವರಿಗೆ ಅದು ಪ್ರತಿ ಕ್ಯಾಂಪಿನ ಸಂಗತಿ.

ಅವರಿಗೆ ಇನ್ನೂ ಒಂದು ತಾಪತ್ರಯವಿತ್ತು. ಆಂಟೆನಾದ ಕಡ್ಡಿಗಳ ಉದ್ದ ಟವರಿನ ಚಾನೆಲ್‌ಗೆ ಹೊಂದಬೇಕು. ಕೆಳ ಬ್ಯಾಂಡಿನ, ಅಂದರೆ 55 ಮೆಗಾಹರ್ಟ್ಸ್ ಆಸುಪಾಸಿನ ಚಾನೆಲ್‌ಗೆ ಕಡ್ಡಿ ಎರಡೂವರೆ ಮೀಟರಿಗೂ ಮಿಕ್ಕಿ ಬೇಕು. ಮೇಲಿನ ಬ್ಯಾಂಡಿನ 200 ಮೆಗಾಹರ್ಟ್ಸ್‌ಗೆ ಮುಕ್ಕಾಲು ಮೀಟರ್ ಸಾಕು. ಒಂದು ಊರಿನಲ್ಲಿ ಚೆನ್ನಾಗಿ ಕೆಲಸ ಮಾಡಿದ ಆಂಟೆನಾ ಇನ್ನೊಂದು ಟವರಿನ ಸೀಮೆಗೆ ಹೋದೊಡನೆ ಅರೆಬರೆಯಾಗುತ್ತಿತ್ತು. ಇಷ್ಟೆಲ್ಲ ಪಾಡು ಪಟ್ಟರೂ ಸಿಗುತ್ತಿದ್ದದ್ದು ಬೆಂಗಳೂರಿನ ಕನ್ನಡ, ದೆಹಲಿಯ ಹಿಂದಿ. ತಮಿಳು ಮಾತಾಡುವ ಕೊಯ್ಲಿನ ತಂಡಕ್ಕೆ ಇಲ್ಲಿ ತನ್ನ ಭಾಷೆ ಕೇಳುತ್ತಿರಲಿಲ್ಲ. ಗೋವಾಕ್ಕೋ ಮಹಾರಾಷ್ಟ್ರಕ್ಕೋ ದುಡಿಯಲು ಹೋದ ಕನ್ನಡದ ಕೂಲಿಗೂ ಅಲ್ಲಿನ ಟವರಿನಲ್ಲಿ ಕನ್ನಡ ಸಿಗುತ್ತಿರಲಿಲ್ಲ. ಟವರು ಕೊಡುವುದು ನೆಲದ ಭಾಷೆಯನ್ನು. ನೆಲ ಬಿಟ್ಟು ಬಂದವರ ಅಗತ್ಯ ಅದರ ಲೆಕ್ಕದಲ್ಲಿರಲಿಲ್ಲ.

ಅನಲಾಗ್ ಮತ್ತು ಡಿಜಿಟಲ್ ಪ್ರಸಾರದ ವ್ಯತ್ಯಾಸ ನೋಡುಗನಿಗೆ ತಿಳಿಯುವುದು ಸಂಕೇತ ಬಡವಾದಾಗ. ಅನಲಾಗ್‌ನಲ್ಲಿ ಚಿತ್ರದ ಬೆಳಕು–ನೆರಳು ಅಲೆಯ ಏರಿಳಿತದಲ್ಲೇ ಅಡಗಿರುತ್ತದೆ. ಅಲೆ ಸೊರಗಿದಷ್ಟೂ ಚಿತ್ರದಲ್ಲಿ ಚುಕ್ಕೆ ಹೆಚ್ಚುತ್ತವೆ, ಆದರೂ ಮುಖ ಗುರುತು ಸಿಗುತ್ತದೆ, ಮಾತು ಕೇಳುತ್ತದೆ. ಡಿಜಿಟಲ್‌ನಲ್ಲಿ ಚಿತ್ರ ಅಂಕಿಗಳಾಗಿ ಬರುತ್ತದೆ, ಜತೆಗೆ ತಪ್ಪು ತಿದ್ದಿಕೊಳ್ಳಲು ಒಂದಷ್ಟು ಹೆಚ್ಚುವರಿ ಅಂಕಿಗಳೂ ಬರುತ್ತವೆ. ತಪ್ಪು ಒಂದು ಮಿತಿಯೊಳಗಿರುವ ತನಕ ಚಿತ್ರ ನಿರ್ಮಲ. ಮಿತಿ ದಾಟಿದೊಡನೆ ಪರದೆ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ, ಮರುಕ್ಷಣ ‘ನೋ ಸಿಗ್ನಲ್’. ಅರೆಬರೆ ಚಿತ್ರಕ್ಕೆ ಒಗ್ಗಿದ್ದ ಗುಡಾರದವರಿಗೆ ಈ ನಿಷ್ಠುರತೆ ಹೊಸದು.

ನಮ್ಮಲ್ಲಿ ಡಿಜಿಟಲ್ ಬದಲಾವಣೆ ಮೊದಲು ಕಡ್ಡಾಯವಾದದ್ದು ಕೇಬಲ್‌ಗೆ. 2011ರ ಕೇಬಲ್ ಕಾಯ್ದೆ ತಿದ್ದುಪಡಿಯ ಪ್ರಕಾರ ನಾಲ್ಕು ಹಂತಗಳಾದವು. ಮಹಾನಗರಗಳು 2012ರಲ್ಲಿ, ಬೆಂಗಳೂರು–ಮೈಸೂರು ಸೇರಿದ 38 ನಗರಗಳು 2013ರ ಮಾರ್ಚ್ 31ಕ್ಕೆ ಎಂದು ಗಡುವು ಬಿತ್ತು. ಶಿವಮೊಗ್ಗ, ಭದ್ರಾವತಿಯಂಥ ಪಟ್ಟಣಗಳು ಮೂರನೆಯ ಹಂತದವು. ಅದರ ಗಡುವು 2015ರ ಡಿಸೆಂಬರ್‌ನಿಂದ ಮುಂದೆ ಹೋಗಿ 2017ರ ಜನವರಿ 31ಕ್ಕೆ ನಿಂತಿತು. ಹೊಳಲೂರಿನಂಥ ಹಳ್ಳಿಗಳ ನಾಲ್ಕನೆಯ ಹಂತಕ್ಕೆ 2017ರ ಮಾರ್ಚ್ 31. ಮನೆಯವರು ಸೆಟ್‌ಟಾಪ್ ಬಾಕ್ಸ್ ಕೊಂಡು ಹಳೆಯ ಕೇಬಲ್ಲಿಗೇ ಸಿಕ್ಕಿಸಿದರು. ಗುಡಾರಕ್ಕೆ ಕೇಬಲ್ ಎಂದೂ ಬಂದಿರಲಿಲ್ಲ, ಆದ್ದರಿಂದ ಈ ಗಡುವುಗಳು ಅವರನ್ನು ತಟ್ಟಲೂ ಇಲ್ಲ. ಅವರ ಬದಲಾವಣೆ ಅಷ್ಟರಲ್ಲಾಗಲೇ ಬೇರೆ ದಾರಿಯಲ್ಲಿ ಆಗಿತ್ತು.

ಆ ದಾರಿ ಮನೆಗೇ ನೇರವಾಗಿ ಬರುವ ಉಪಗ್ರಹ ಪ್ರಸಾರ. 2003ರಲ್ಲಿ ಡಿಶ್ ಟಿ.ವಿ., 2006ರಲ್ಲಿ ಟಾಟಾ ಸ್ಕೈ, ಆಮೇಲೆ ಸನ್ ಡೈರೆಕ್ಟ್, ಏರ್‌ಟೆಲ್ ಬಂದವು. 2004ರ ಡಿಸೆಂಬರ್‌ನಲ್ಲಿ ದೂರದರ್ಶನವೇ ‘ಡಿಡಿ ಡೈರೆಕ್ಟ್ ಪ್ಲಸ್’ ಶುರುಮಾಡಿತು. ಈಗ ಅದರ ಹೆಸರು ಡಿಡಿ ಫ್ರೀ ಡಿಶ್. ಒಮ್ಮೆ ಡಿಶ್ ಮತ್ತು ಬಾಕ್ಸ್ ಕೊಂಡರೆ ತಿಂಗಳ ಬಾಡಿಗೆಯಿಲ್ಲ, ದೂರದರ್ಶನದ ಕನ್ನಡ ಚಾನೆಲ್ ಚಂದನವೂ ಅದರಲ್ಲಿ ಸಿಗುತ್ತದೆ. ಖಾಸಗಿ ಕಂಪನಿಗಳ ಡಿಶ್ ಆದರೆ ಕೆಲಸವಿದ್ದ ತಿಂಗಳು ರೀಚಾರ್ಜ್ ಮಾಡಿಸಿ, ಇಲ್ಲದಾಗ ಬಿಡಬಹುದು. ಕೂಲಿಯ ಬದುಕಿಗೆ ಎರಡೂ ಒಗ್ಗುತ್ತವೆ.

ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಜತೆಗೇ ಸುತ್ತುವುದರಿಂದ ನೆಲದಿಂದ ನೋಡಿದರೆ ಒಂದೇ ಜಾಗದಲ್ಲಿ ನಿಂತಂತಿರುತ್ತದೆ. ಫ್ರೀ ಡಿಶ್‌ನ ಜಿಸ್ಯಾಟ್–15 ಇರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ. ಶಿವಮೊಗ್ಗದ ಆಸುಪಾಸಿನಿಂದ ಅದು ಉತ್ತರದಿಂದ ಲೆಕ್ಕ ಹಾಕಿದರೆ 127 ಡಿಗ್ರಿಯ ದಿಕ್ಕಿಗೆ, ಅಂದರೆ ಆಗ್ನೇಯಕ್ಕೆ, ನೆಲದಿಂದ ಸುಮಾರು 64 ಡಿಗ್ರಿ ಮೇಲಕ್ಕಿದೆ. ಇದೇ ಬಿಡಾರ ಮಂಗಳೂರಿಗೆ ಹೋದರೆ ದಿಕ್ಕು 123 ಡಿಗ್ರಿ, ಹೊಸಪೇಟೆಗೆ ಹೋದರೆ 130ರ ಹತ್ತಿರ; ಎತ್ತರ ಹೆಚ್ಚುಕಡಿಮೆ ಅಷ್ಟೇ. ಟವರಿನ ಕಾಲದಲ್ಲಿ ಊರು ಬದಲಾದರೆ ದಿಕ್ಕು, ಚಾನೆಲ್, ಕಡ್ಡಿ ಎಲ್ಲ ಬದಲಾಗುತ್ತಿತ್ತು. ಈಗ ಕರಾವಳಿಯಿಂದ ಬಯಲುಸೀಮೆಯವರೆಗೆ ಸುತ್ತಿದರೂ ತಟ್ಟೆ ಏಳೆಂಟು ಡಿಗ್ರಿ ಹೊರಳಿದರೆ ಮುಗಿಯಿತು. ಖಾಸಗಿ ಕಂಪನಿಗಳ ಪ್ರಸಾರವೂ ದೇಶದುದ್ದಕ್ಕೂ ಒಂದೇ ಆದ್ದರಿಂದ ಹೊಳಲೂರಿನ ಗದ್ದೆ ಬದುವಿನಲ್ಲಿ ತಮಿಳು ಧಾರಾವಾಹಿ ಬರುತ್ತದೆ, ಗೋವಾದ ಶೆಡ್ಡಿನಲ್ಲಿ ಕನ್ನಡ ವಾರ್ತೆ ಕೇಳುತ್ತದೆ. ಚಾನೆಲ್‌ಗಳ ಸಂಖ್ಯೆ ಹೆಚ್ಚಾದದ್ದಕ್ಕಿಂತ ಇದು ದೊಡ್ಡ ಬದಲಾವಣೆ. ದುಡಿಮೆಗೆ ಊರು ಬಿಟ್ಟವನಿಗೆ ಸಂಜೆ ತನ್ನ ಮಾತು ಕಿವಿಗೆ ಬೀಳುವುದು ಸಣ್ಣ ಸಂಗತಿಯಲ್ಲ.

ಹಾಗೆಂದು ಹೂಡುವುದು ಸಲೀಸಲ್ಲ. 60 ಸೆಂಟಿಮೀಟರಿನ ಡಿಶ್ ಒಟ್ಟು ಮೂರು ಡಿಗ್ರಿಯಷ್ಟು ಆಕಾಶವನ್ನು ಮಾತ್ರ ಚೆನ್ನಾಗಿ ನೋಡುತ್ತದೆ. ಅತ್ತಿತ್ತ ಒಂದೂವರೆ ಡಿಗ್ರಿ ತಪ್ಪಿದರೆ ಸಂಕೇತ ಅರ್ಧಕ್ಕಿಳಿಯುತ್ತದೆ. ಜಿಸ್ಯಾಟ್–15ರ ಪಕ್ಕದಲ್ಲೇ 91.5 ಮತ್ತು 95 ಡಿಗ್ರಿ ರೇಖಾಂಶಗಳಲ್ಲಿ ಬೇರೆ ಉಪಗ್ರಹಗಳಿರುವುದರಿಂದ ಮೀಟರಿನಲ್ಲಿ ಶಕ್ತಿ ತೋರಿಸಿದರೂ ಚಾನೆಲ್ ಬಾರದಿರುವುದುಂಟು. ಆಗ ಹಿಡಿದಿರುವುದು ನೆರೆಯ ಉಪಗ್ರಹವನ್ನು. ಬಾಕ್ಸಿನ ಪರದೆಯಲ್ಲಿ ಕಾಣುವ ಎರಡು ಪಟ್ಟಿಗಳಲ್ಲಿ ‘ಸ್ಟ್ರೆಂತ್’ಗಿಂತ ‘ಕ್ವಾಲಿಟಿ’ಯನ್ನು ನಂಬಬೇಕು ಎಂದು ಅನುಭವಿಗಳು ಹೇಳುವುದು ಇದಕ್ಕೇ. ಮೊದಲ ಕೆಲಸ ಕಂಬವನ್ನು ಲಂಬವಾಗಿ ನೆಡುವುದು. ಕಂಬ ವಾಲಿದ್ದರೆ ತಟ್ಟೆ ತಿರುಗಿದಂತೆಲ್ಲ ಎತ್ತರವೂ ತಪ್ಪುತ್ತದೆ. ಗದ್ದೆಯ ಮೆತ್ತನೆ ಮಣ್ಣಿನಲ್ಲಿ ಗಾಳಿಗೆ ಕಂಬ ಅಲ್ಲಾಡುವುದರಿಂದ ಕಲ್ಲು ತುಂಬಿದ ಡಬ್ಬಿಯಲ್ಲಿ ನಿಲ್ಲಿಸುವುದೋ ಗೂಟಕ್ಕೆ ಹಗ್ಗ ಬಿಗಿಯುವುದೋ ವಾಸಿ. ದಿಕ್ಸೂಚಿ ಇಲ್ಲದವರು ಹತ್ತಿರದ ಮನೆಯ ಮಾಡನ್ನು ನೋಡುತ್ತಾರೆ: ಒಂದೇ ಕಂಪನಿಯ ಡಿಶ್‌ಗಳೆಲ್ಲ ಊರಿನಲ್ಲಿ ಒಂದೇ ಕಡೆಗೆ ಮುಖ ಮಾಡಿರುತ್ತವೆ. ಕಂಪನಿ ಬೇರೆಯಾದರೆ ಆ ಗುರುತು ಕೆಲಸಕ್ಕೆ ಬಾರದು. ಬೇರೆ ಕಂಪನಿಗಳ ಉಪಗ್ರಹಗಳಲ್ಲಿ 83 ಡಿಗ್ರಿ ರೇಖಾಂಶದ್ದು ಇಲ್ಲಿಂದ ದಕ್ಷಿಣಕ್ಕೆ ಹತ್ತಿರ, 71 ಡಿಗ್ರಿ ಎತ್ತರದಲ್ಲಿದೆ, 108.2ರದ್ದು ಪೂರ್ವದ ಕಡೆಗೆ, 49 ಡಿಗ್ರಿಯಲ್ಲಿದೆ. ಇನ್ನೊಂದು ಸಂಗತಿ ಹೊಸಬರನ್ನು ದಾರಿ ತಪ್ಪಿಸುತ್ತದೆ. ಈ ಡಿಶ್‌ಗಳ ಗ್ರಾಹಕ ತುದಿ ನಡುವಿನಲ್ಲಿರದೆ ಕೆಳಗಿನ ತೋಳಿನ ಮೇಲಿರುವುದರಿಂದ, ತಟ್ಟೆ 64 ಡಿಗ್ರಿ ಮೇಲಕ್ಕೆ ನೋಡುವಾಗಲೂ ಕಣ್ಣಿಗೆ ಅಷ್ಟು ಮಲಗಿದಂತೆ ಕಾಣುವುದಿಲ್ಲ.

ಉಪಗ್ರಹ ಇಷ್ಟು ಮೇಲಿರುವುದು ಅಡಿಕೆ ಸೀಮೆಗೆ ಒಳ್ಳೆಯದೇ ಆಯಿತು. ಡಿಶ್‌ಗಿಂತ 15 ಮೀಟರ್ ಎತ್ತರದ ಅಡಿಕೆ ಮರಗಳ ಸಾಲು ಆಗ್ನೇಯಕ್ಕಿದ್ದರೂ ಎಂಟು ಮೀಟರ್ ಹಿಂದೆ ಸರಿದು ಹೂಡಿದರೆ ಸಾಕು, ಸೋಗೆ ಅಡ್ಡ ಬರುವುದಿಲ್ಲ. ಮಳೆಯದು ಬೇರೆ ಮಾತು. ಈ ಪ್ರಸಾರ ನಡೆಯುವ 11–12 ಗಿಗಾಹರ್ಟ್ಸ್ ಸುಮಾರಿನ ಅಲೆಗಳನ್ನು ದಪ್ಪ ಹನಿಗಳು ಹೀರಿ ಚದುರಿಸುತ್ತವೆ. ದಿನಗಟ್ಟಲೆ ಜಿನುಗುವ ಜಡಿಮಳೆಗಿಂತ ಗುಡುಗಿನ ಜತೆ ಹತ್ತು ನಿಮಿಷ ಬಡಿದು ಹೋಗುವ ಮಳೆಯೇ ಹೆಚ್ಚು ಸಲ ಚಿತ್ರ ನಿಲ್ಲಿಸುತ್ತದೆ, ಏಕೆಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ಆ ಹೊತ್ತಿನ ಬಿರುಸು. ತೀರ್ಥಹಳ್ಳಿ, ಆಗುಂಬೆಯ ಕಡೆಗೆ ಬಿಡಾರ ಸಾಗಿಸುವವರಿಗೆ 90 ಸೆಂಟಿಮೀಟರಿನ ತಟ್ಟೆ ಮೇಲು. 60ರದ್ದಕ್ಕಿಂತ ಅದು ಎರಡು ಪಟ್ಟಿಗೂ ಹೆಚ್ಚು ಸಂಕೇತ ಕೂಡಿಸುತ್ತದೆ, ಆದರೆ ಇನ್ನಷ್ಟು ನಿಖರವಾಗಿ ಗುರಿ ಹಿಡಿಯಬೇಕು, ಗಾಳಿಗೂ ಹೆಚ್ಚು ಸಿಕ್ಕುತ್ತದೆ.

ವಿದ್ಯುತ್ತಿನ ಲೆಕ್ಕ ಈಗ ಹಗುರ. 24 ಇಂಚಿನ ಎಲ್‌ಇಡಿ ಟಿ.ವಿ. ಮತ್ತು ಬಾಕ್ಸ್ ಸೇರಿ ಸುಮಾರು 40 ವಾಟ್ ಎಂದಿಟ್ಟುಕೊಂಡರೆ, 100 ಆಂಪಿಯರ್–ಅವರ್ ಬ್ಯಾಟರಿಯ ಅರ್ಧ ಬಳಸಿದರೂ ಹನ್ನೆರಡು ಗಂಟೆ ನೋಡಬಹುದು. ಡಿಶ್‌ನ ತುದಿಯ ಗ್ರಾಹಕಕ್ಕೆ ಬೇಕಾದ 13 ಅಥವಾ 18 ವೋಲ್ಟ್ ಬಾಕ್ಸಿನಿಂದಲೇ ಅದೇ ಕೇಬಲ್ಲಿನಲ್ಲಿ ಹೋಗುತ್ತದೆ. ಬಿಡಾರದಲ್ಲಿ ಹೆಚ್ಚಿನ ತೊಂದರೆ ಹುಟ್ಟುವುದು ಈ ಕೇಬಲ್ಲಿನ ತುದಿಯಲ್ಲಿ: ಪ್ರತಿ ಸಲ ಬಿಚ್ಚಿ ಕಟ್ಟಿ ಕನೆಕ್ಟರ್ ಸಡಿಲವಾಗಿ ನೀರು ಇಳಿಯುತ್ತದೆ, ದೋಷ ಮಾತ್ರ ಬಾಕ್ಸಿನ ಮೇಲೆ ಬರುತ್ತದೆ. ವಾಹನ ಓಡುತ್ತಿರುವಾಗ ನೋಡುವುದಂತೂ ಈ ಡಿಶ್‌ನಿಂದ ಆಗದು. ಉಪಗ್ರಹವನ್ನು ತಾನೇ ಹಿಂಬಾಲಿಸುವ ದುಬಾರಿ ಆಂಟೆನಾ ಅದಕ್ಕೆ ಬೇಕು. 

ಅಮೆರಿಕದ ಗಾಲಿಮನೆಯವರ ಅನುಭವ ನಮ್ಮ ಬಿಡಾರದವರ ಅನುಭವಕ್ಕೆ ತಿರುವುಮುರುವು. ಅಲ್ಲಿ ಟವರು ಪ್ರಸಾರವೇ ಡಿಜಿಟಲ್ ಆಯಿತು. 2009ರ ಫೆಬ್ರುವರಿಯಲ್ಲಿ ಆಗಬೇಕಿದ್ದದ್ದು ಮುಂದೆ ಹೋಗಿ ಜೂನ್ 12ಕ್ಕೆ ಪೂರ್ಣಶಕ್ತಿಯ ಕೇಂದ್ರಗಳೆಲ್ಲ ಅನಲಾಗ್ ನಿಲ್ಲಿಸಿದವು. ಹಳೆಯ ಸೆಟ್ಟುಗಳಿಗೆ ಪರಿವರ್ತಕ ಪೆಟ್ಟಿಗೆ ಕೊಳ್ಳಲು ಸರ್ಕಾರ ಮನೆಗೆ ಎರಡರಂತೆ 40 ಡಾಲರಿನ ಕೂಪನ್ ಕೊಟ್ಟಿತು. ಗಾಲಿಮನೆಯ ಮಾಡಿನ ಮೇಲೆ ಹಿಡಿಕೆ ತಿರುಗಿಸಿ ಎಬ್ಬಿಸುವ ಆಂಟೆನಾ ಮುಂಚಿನಂತೆಯೇ ಉಪಯೋಗಕ್ಕೆ ಬಂತು. ಆದರೆ ಹೋದ ಪ್ರತಿ ತಂಗುದಾಣದಲ್ಲೂ ಪೆಟ್ಟಿಗೆಯಿಂದ ಚಾನೆಲ್‌ಗಳನ್ನು ಹೊಸದಾಗಿ ಹುಡುಕಿಸಬೇಕಾಯಿತು. ಮೊದಲು ಚುಕ್ಕೆ ಚುಕ್ಕೆಯಾಗಿ ಬರುತ್ತಿದ್ದ ದೂರದ ಕೇಂದ್ರ ಪೂರ್ತಿ ಮಾಯವಾಯಿತು. ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಟಿ.ವಿ.ಗಳು ಮೂಲೆ ಸೇರಿದವು.

ಭಾರತದಲ್ಲಿ ಟವರಿನ ಡಿಜಿಟಲ್ ಪ್ರಸಾರ 2016ರಲ್ಲಿ ಬೆಂಗಳೂರು ಸೇರಿ 16 ನಗರಗಳಲ್ಲಿ ಶುರುವಾಯಿತು, ಆದರೆ ಜನರ ಕೈಯಲ್ಲಿ ಅದಕ್ಕೆ ಹೊಂದುವ ಸೆಟ್ಟುಗಳೇ ಇರಲಿಲ್ಲ. ಅನಲಾಗ್ ಟವರುಗಳನ್ನು ಪ್ರಸಾರ ಭಾರತಿ ಹಂತಹಂತವಾಗಿ ಮುಚ್ಚುತ್ತ ಬಂದು, ಆಯಕಟ್ಟಿನ ಜಾಗಗಳ ಸುಮಾರು 50ನ್ನು ಬಿಟ್ಟು ಉಳಿದವಕ್ಕೆ 2022ರ ಮಾರ್ಚ್ 31ರ ಗಡುವು ಹಾಕಿತು. ಅಮೆರಿಕದಂತೆ ಇಲ್ಲಿ ಕೂಪನ್ನೂ ಇರಲಿಲ್ಲ, ಪ್ರಚಾರವೂ ಇರಲಿಲ್ಲ. ಕಪ್ಪು–ಬಿಳುಪು ಸೆಟ್ಟೊಂದನ್ನೇ ನೆಚ್ಚಿಕೊಂಡು ಕೂತವರಿಗೆ ಯಾರಾದರೂ ಮುಂದಾಗಿ ತಿಳಿಸಬೇಕಿತ್ತು. ರೇಡಿಯೊ ಕೇಳುಗರಿಗೆ ಈ ಗೋಳಿರಲಿಲ್ಲ: 1965ರಿಂದ ನಡೆಯುತ್ತಿರುವ ಭದ್ರಾವತಿ ಆಕಾಶವಾಣಿ ಗುಡಾರದ ಟ್ರಾನ್ಸಿಸ್ಟರಿಗೆ ಯಾವ ಬಾಕ್ಸೂ ಇಲ್ಲದೆ ಸಿಗುತ್ತ ಬಂದಿದೆ.

ಕೇಬಲ್ಲಿನ ನಾಲ್ಕನೆಯ ಹಂತದ ಗಡುವು ಹತ್ತಿರವಾಗುತ್ತಿದ್ದಾಗಲೇ, 2016ರ ಸೆಪ್ಟೆಂಬರ್‌ನಲ್ಲಿ, ಜಿಯೊ 4ಜಿ ಬಂದು ಗುಡಾರದ ಹುಡುಗರ ಕಣ್ಣು ಫೋನಿನ ಕಡೆ ತಿರುಗಿತು. ಕಂಬ ನೆಡುವ ಕೆಲಸ ತಪ್ಪಿತು, ಆದರೆ ಡೇಟಾ ಖರ್ಚಾಗುತ್ತದೆ, ಒಬ್ಬೊಬ್ಬರೇ ನೋಡಬೇಕಾಗುತ್ತದೆ. ಇಂಟರ್‌ನೆಟ್ಟಿಲ್ಲದೆ ಟವರಿನಿಂದ ನೇರವಾಗಿ ಫೋನಿಗೆ ಟಿ.ವಿ. ತಲುಪಿಸುವ ‘ಡಿ2ಎಂ’ ತಂತ್ರಜ್ಞಾನದಲ್ಲಿ ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಕೆಲಸ ಮಾಡಿದೆ. 2023ರಲ್ಲಿ ಬೆಂಗಳೂರು, ದೆಹಲಿ, ನೋಯ್ಡಾಗಳಲ್ಲಿ ಅದರ ಪರೀಕ್ಷೆ ನಡೆಯಿತು. ಅದಕ್ಕೆ ಡಿಶ್ ಬೇಡ, ಗುರಿ ಹಿಡಿಯುವುದೂ ಬೇಡ, ಓಡುವ ವಾಹನದಲ್ಲೂ ಬರುತ್ತದೆ. ಅದರ ಸಂಕೇತ ಹಿಡಿಯುವ ಚಿಪ್ ಮಾತ್ರ ಫೋನಿನೊಳಗೇ ಇರಬೇಕು.