ಕೋವಿಯ ಜಮಾ-ಖರ್ಚು: ಸಂಪಾಜೆಯ ಗಡಿಯಲ್ಲಿ ಎರಡು ಲೆಕ್ಕಪದ್ಧತಿಗಳು

ಹತ್ತೊಂಬತ್ತನೆಯ ಶತಮಾನದ ಸೈನ್ಯಗಳ ಚರಿತ್ರೆಯನ್ನು ಓದುವವರು ಕದನಗಳ ವರ್ಣನೆಗೆ ಕೊಡುವಷ್ಟು ಗಮನವನ್ನು ಉಗ್ರಾಣದ ಪುಸ್ತಕಗಳಿಗೆ ಕೊಡುವುದು ವಿರಳ. ಆದರೆ ಒಂದು ಕೋವಿಯು ಯಾರ ಕೈಯಿಂದ ಯಾರ ಕೈಗೆ ಹೋಯಿತು, ಅದು ಕಾಣದಾದರೆ ಉತ್ತರ ಹೇಳಬೇಕಾದವರು ಯಾರು ಎಂಬುದನ್ನು ಅರಿಯದ ಸೈನ್ಯವು ಬಹುಕಾಲ ಸೈನ್ಯವಾಗಿ ಉಳಿಯಲಾರದು. ಈಸ್ಟ್ ಇಂಡಿಯಾ ಕಂಪೆನಿಯ ಮದರಾಸು ಸೈನ್ಯದಲ್ಲಿದ್ದ ಆಯುಧಲೆಕ್ಕದ ಕ್ರಮವನ್ನೂ, ಕೊಡಗಿನಲ್ಲಿ ಅದಕ್ಕೆ ಮೊದಲೇ ನೆಲೆಸಿದ್ದ ಬೇರೊಂದು ಕ್ರಮವನ್ನೂ ವಿವರಿಸಿ, ಇವೆರಡೂ ಸಂಧಿಸಿದಾಗ ಆದುದೇನೆಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಈ ವಿವೇಚನೆಗೆ ಸಂಪಾಜೆಯು ತಕ್ಕ ಸ್ಥಳ. ಮಡಿಕೇರಿಯಿಂದ ಮಂಗಳೂರಿಗೆ ಇಳಿಯುವ ದಾರಿಯಲ್ಲಿ, ಘಟ್ಟದ ಬುಡದಲ್ಲಿ, ಪಯಸ್ವಿನೀ ನದಿಯ ಬಳಿ ಈ ಊರಿದೆ. ಇಂದಿಗೂ ಸಂಪಾಜೆ ಎಂಬ ಹೆಸರಿನ ಗ್ರಾಮವು ಕೊಡಗಿನಲ್ಲಿಯೂ ಉಂಟು, ಗಡಿಯಾಚೆಯ ಸುಳ್ಯ ತಾಲ್ಲೂಕಿನಲ್ಲಿಯೂ ಉಂಟು. ಒಂದೇ ಹೆಸರಿನ ನೆಲವು ಎರಡು ದಫ್ತರಗಳಿಗೆ ಸೇರಿರುವುದು ನಮ್ಮ ವಿಷಯಕ್ಕೆ ಅಪ್ರಸ್ತುತವಲ್ಲ.

ಮೊದಲು ಕಂಪೆನಿಯ ಕ್ರಮವನ್ನು ನೋಡೋಣ. ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಯು ಬಲ್ಲ ಲಾಭನಷ್ಟದ ಲೆಕ್ಕಕ್ಕೂ ಇದಕ್ಕೂ ಸಂಬಂಧವಿಲ್ಲ. ಹೊಣೆಯನ್ನು ಹೊರಿಸುವುದು, ಹೊಣೆಯಿಂದ ಬಿಡಿಸುವುದು, ಇವೆರಡೇ ಅದರ ಉದ್ದೇಶ. ಆಯುಧಾಗಾರದಿಂದ ಸಾಮಾನು ಬೇಕಾದ ದಳದವರು ಬೇಡಿಕೆಯ ಪಟ್ಟಿಯನ್ನು ಕಳುಹಿಸುವರು; ಅದು ಮಂಜೂರಾದ ಮೇಲೆ ಸಾಮಾನು ಹೊರಡುವುದು; ಪಡೆದವರು ಎಣಿಸಿ ರಸೀದಿ ಕೊಡುವರು. ಕೊಟ್ಟವರ ಪುಸ್ತಕದಲ್ಲಿ ಖರ್ಚಾದದ್ದು ಪಡೆದವರ ಪುಸ್ತಕದಲ್ಲಿ ಜಮಾ ಆಗಬೇಕು. ಕೆಟ್ಟುಹೋದ ಸಾಮಾನನ್ನು ಅಧಿಕಾರಿಗಳ ಸಮಿತಿಯು ಪರೀಕ್ಷಿಸಿ, ಉಪಯೋಗಕ್ಕೆ ಬರುವುದು, ದುರಸ್ತಿಗೆ ತಕ್ಕುದು, ನಿರುಪಯುಕ್ತವಾದುದು ಎಂದು ವಿಂಗಡಿಸುತ್ತಿತ್ತು. ಸಿಪಾಯಿಯ ಅಜಾಗರೂಕತೆಯಿಂದ ಆಯುಧವು ಕಳೆದರೆ ಅದರ ಬೆಲೆಯನ್ನು ಅವನ ಸಂಬಳದಲ್ಲಿ ಹಿಡಿಯಲಾಗುತ್ತಿತ್ತು. ಕೋವಿಯ ಮೇಲೆಯೇ ಒಡೆತನದ ಗುರುತಿತ್ತು: ಸುಮಾರು ೧೮೦೮ರವರೆಗೆ ಕಂಪೆನಿಯ ಹೃದಯಾಕಾರದ ಮುದ್ರೆ, ಅನಂತರ ಎದ್ದುನಿಂತ ಸಿಂಹದ ಮುದ್ರೆ.

ಒಂದು ಕಲ್ಪಿತ ನಿದರ್ಶನದಿಂದ ಇದು ಸ್ಪಷ್ಟವಾಗುತ್ತದೆ. ಮಂಗಳೂರಿನಿಂದ ಮಡಿಕೇರಿಗೆ ನೂರು ಕೋವಿಗಳನ್ನು ಕಳುಹಿಸಿದರೆನ್ನೋಣ. ಅವು ಸಂಪಾಜೆಯ ಘಟ್ಟವನ್ನು ಹತ್ತುತ್ತಿರುವಾಗ ಮಂಗಳೂರಿನ ಉಗ್ರಾಣದಲ್ಲಿಲ್ಲ, ಮಡಿಕೇರಿಯನ್ನೂ ಮುಟ್ಟಿಲ್ಲ. ಹೊಣೆಯು ಕಾವಲಿನ ಅಧಿಕಾರಿಯದು. ಮಡಿಕೇರಿಯಲ್ಲಿ ಎಣಿಸಿದಾಗ ತೊಂಬತ್ತೇಳು ಸುಸ್ಥಿತಿಯಲ್ಲಿಯೂ ಮೂರು ಮುರಿದ ಸ್ಥಿತಿಯಲ್ಲಿಯೂ ಕಂಡುಬಂದರೆ, ರಸೀದಿಯಲ್ಲಿ ನೂರನ್ನೂ ಕಾಣಿಸಿ, ಮೂರರ ವಿಷಯವನ್ನು ಬೇರೆಯಾಗಿ ನಮೂದಿಸಬೇಕು. ಆ ರಸೀದಿಯು ಹಿಂದಿರುಗಿ ಬರುವವರೆಗೆ ಕಳುಹಿಸಿದವನ ಲೆಕ್ಕವು ಮುಗಿಯುವುದಿಲ್ಲ. ವರ್ಗಾವಣೆಯೆಂಬುದಕ್ಕೆ ಎರಡು ತುದಿಗಳುಂಟು. ಒಂದು ತುದಿಯ ಕಾಗದವು ಇನ್ನೊಂದಿಲ್ಲದೆ ಅಪೂರ್ಣ.

ಕೊಡಗಿನ ಅರಸರ ಕ್ರಮವು ಇದಕ್ಕಿಂತ ಭಿನ್ನವಾದುದು. ಅಲ್ಲಿ ಜಮ್ಮಾ ಹಿಡುವಳಿಯವನು ನೂರು ಬಟ್ಟಿಯ ಗದ್ದೆಗೆ ೫ ರೂಪಾಯಿ ಕಂದಾಯವನ್ನು ಕೊಡುತ್ತಿದ್ದನು. ಸಾಗು ಹಿಡುವಳಿಯವನು ಕೊಡಬೇಕಾದುದು ೧೦ ರೂಪಾಯಿ. ಈ ರಿಯಾಯಿತಿಗೆ ಪ್ರತಿಯಾಗಿ ಜಮ್ಮಾದವನು ಅರಸನು ಕರೆದಾಗ ಆಯುಧಪಾಣಿಯಾಗಿ ಬರಬೇಕಾಗಿತ್ತು. ಅಂದಮೇಲೆ ಕೋವಿಯನ್ನು ಎಣಿಸುವ ಅಗತ್ಯವು ಅರಸನಿಗೆ ಅಷ್ಟಾಗಿ ಇರಲಿಲ್ಲ. ಲಿಂಗರಾಜೇಂದ್ರನ (೧೮೧೧-೧೮೨೦) ಕಾಲದ ಶಿಸ್ತಿನ ಪುಸ್ತಕಗಳಲ್ಲಿ ಗದ್ದೆಯ ಲೆಕ್ಕವಿತ್ತು; ಗದ್ದೆಯೊಡನೆ ಒಕ್ಕಲು, ಒಕ್ಕಲಿನೊಡನೆ ಆಯುಧ. ಆಯುಧವಾದರೋ ಮನೆಯಲ್ಲಿರುತ್ತಿತ್ತು. ಒಡಿಕತ್ತಿ, ಪೀಚೆಕತ್ತಿ, ಕೋವಿಗಳನ್ನು ಬೇಸಾಯದ ತಿಂಗಳುಗಳಲ್ಲಿ ಕಟ್ಟಿಟ್ಟು, ನಾಟಿ ಮುಗಿದ ಮೇಲೆ ಕೈಲ್ ಮುಹೂರ್ತದ ದಿನ ಹೊರತೆಗೆದು ಪೂಜಿಸುವ ಸಂಪ್ರದಾಯವು ವರ್ಷಕ್ಕೊಮ್ಮೆ ಮನೆಯವರೇ ಮಾಡಿಕೊಳ್ಳುವ ತನಿಖೆಯೂ ಆಗಿತ್ತೆನ್ನಬಹುದು.

೧೮೩೪ರಲ್ಲಿ ಕಂಪೆನಿಯ ಸೈನ್ಯವು ನಾಲ್ಕು ದಿಕ್ಕುಗಳಿಂದ ಕೊಡಗನ್ನು ಪ್ರವೇಶಿಸಿತು. ಮಂಗಳೂರಿನ ಕಡೆಯಿಂದ ಬಂದ ದಳವು ಹಿಮ್ಮೆಟ್ಟಬೇಕಾಯಿತಾದರೂ ಏಪ್ರಿಲ್ ೬ರಂದು ಮಡಿಕೇರಿಯು ಕಂಪೆನಿಯ ವಶವಾಯಿತು. ಮೇ ೭ರ ಘೋಷಣೆಯಿಂದ ಕೊಡಗು ಕಂಪೆನಿಯ ರಾಜ್ಯಕ್ಕೆ ಸೇರಿತು. ಅರಸರ ಆಳ್ವಿಕೆಗೆ ಒಳಪಟ್ಟಿದ್ದ ಘಟ್ಟದ ಕೆಳಗಿನ ಅಮರ ಸುಳ್ಯ ಸೀಮೆಯನ್ನು ದಕ್ಷಿಣ ಕನ್ನಡಕ್ಕೆ ವರ್ಗಾಯಿಸಲಾಯಿತು. ನೆಲವು ಒಂದು ಪುಸ್ತಕದಲ್ಲಿ ಖರ್ಚಾಗಿ ಇನ್ನೊಂದರಲ್ಲಿ ಜಮಾ ಆಯಿತು. ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ತೆರಬೇಕಾಯಿತು. ಆದರೆ ಆ ನೆಲದ ಜನರಿಗೂ ಅರಸನಿಗೂ ಇದ್ದ ಬಾಧ್ಯತೆಯನ್ನು ಯಾರು ಯಾರಿಂದ ವಹಿಸಿಕೊಂಡರು? ಅದಕ್ಕೆ ರಸೀದಿಯಿರಲಿಲ್ಲ. ಮನೆಮನೆಯ ಆಯುಧಗಳಂತೂ ಕಂಪೆನಿಯ ಯಾವ ಆಯುಧಾಗಾರದ ಪುಸ್ತಕಕ್ಕೂ ಸೇರಿದವಲ್ಲ.

೧೮೩೭ರ ಮಾರ್ಚ್ ಕೊನೆಯಲ್ಲಿ ಸುಳ್ಯ ಸೀಮೆಯಲ್ಲಿ ದಂಗೆಯೆದ್ದಿತು. ಕಲ್ಯಾಣಸ್ವಾಮಿಯ ಹೆಸರಿನಲ್ಲಿ ನಡೆದ ಈ ಬಂಡಾಯದವರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಏಪ್ರಿಲ್ ೫ರಂದು ಮಂಗಳೂರನ್ನು ಸೇರಿ, ಸುಮಾರು ಎರಡು ವಾರಗಳ ಕಾಲ ಅದನ್ನು ಹಿಡಿದಿದ್ದರು. ಬಂಡಾಯಕ್ಕೆ ಕಾರಣಗಳು ಹಲವು. ಆಯುಧಲೆಕ್ಕದ ಲೋಪದಿಂದಲೇ ಅದು ಹುಟ್ಟಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ತನ್ನ ಒಂದೊಂದು ಕೋವಿಯನ್ನೂ ಎಣಿಸುತ್ತಿದ್ದ ಸರ್ಕಾರಕ್ಕೆ ಪ್ರಜೆಗಳ ಶಸ್ತ್ರಬಲವು ತನ್ನ ಪುಸ್ತಕಗಳಿಂದ ತಿಳಿಯುವಂತಿರಲಿಲ್ಲ. ಗುಡ್ಡೆಮನೆ ಅಪ್ಪಯ್ಯಗೌಡನನ್ನು ಅದೇ ವರ್ಷದ ಅಕ್ಟೋಬರ್ ೩೧ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ಇತ್ತ ದಂಗೆಯನ್ನು ಅಡಗಿಸಲು ನೆರವಾದ ಕೊಡಗರಿಗೆ ಕಂಪೆನಿಯು ಪದಕಗಳನ್ನು ಕೊಟ್ಟಿತು.

೧೮೫೭ರ ಅನಂತರ ದೇಶದಲ್ಲಿ ನಿರಾಯುಧೀಕರಣವು ನಡೆದಾಗ, ಕಮಿಷನರ್ ಮಾರ್ಕ್ ಕಬ್ಬನ್ ೧೮೬೧ರ ಫೆಬ್ರವರಿ ೨೬ರ ಘೋಷಣೆಯಿಂದ ಕೊಡಗರಿಗೆ ವಿನಾಯಿತಿಯನ್ನು ಕೊಟ್ಟನು. ಮುಂದಿನ ಶಸ್ತ್ರ ನಿಯಮಗಳಲ್ಲಿ ಜಮ್ಮಾ ಹಿಡುವಳಿದಾರರಿಗೂ ಈ ವಿನಾಯಿತಿ ದೊರೆಯಿತು. ಕೋವಿಯನ್ನು ಬಿಟ್ಟು ಮನುಷ್ಯನನ್ನೂ ಭೂಮಿಯನ್ನೂ ಎಣಿಸುವ ಹಳೆಯ ಕ್ರಮವನ್ನೇ ಹೊಸ ಸರ್ಕಾರವು ಒಪ್ಪಿಕೊಂಡಂತಾಯಿತು. ಕೇಂದ್ರ ಸರ್ಕಾರವು ೨೦೧೯ರಲ್ಲಿ ಈ ವಿನಾಯಿತಿಯನ್ನು ೨೦೨೯ರ ಅಕ್ಟೋಬರ್ ೩೧ರವರೆಗೆ ಮುಂದುವರಿಸಿದೆ.

ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳು ಇದರಿಂದ ಎರಡು ಎಚ್ಚರಿಕೆಗಳನ್ನು ಪಡೆಯಬಹುದು. ರವಾನೆಯ ಪಟ್ಟಿಯನ್ನೂ ರಸೀದಿಯ ಪಟ್ಟಿಯನ್ನೂ ಬೇರೆ ಬೇರೆ ಆಯುಧಗಳೆಂದು ಭಾವಿಸಿ ಕೂಡಿದರೆ ಒಂದೇ ನೂರು ಕೋವಿಗಳು ಇನ್ನೂರಾಗುತ್ತವೆ; ಆದುದರಿಂದ ಪ್ರತಿಯೊಂದು ಅಂಕಿಗೂ ಅದರ ಮತ್ತೊಂದು ತುದಿಯನ್ನು ಹುಡುಕಬೇಕು. ಎರಡನೆಯದಾಗಿ, ಸೈನ್ಯದ ಪುಸ್ತಕದಲ್ಲಿ ಕಾಣದ ಆಯುಧವು ದೇಶದಲ್ಲಿ ಇರಲಿಲ್ಲವೆಂದು ನಿರ್ಣಯಿಸಬಾರದು. ಅದರ ಲೆಕ್ಕವು ಕಂದಾಯದ ಕಡತದಲ್ಲಿ, ಹಿಡುವಳಿಯ ಹೆಸರಿನಲ್ಲಿ ಅಡಗಿರಬಹುದು.