ಗುನ್ನೆ ಮತ್ತು ಹುಟ್ಟು

ಕದ್ದವನು ಕಳ್ಳ. ಇದು ಎಲ್ಲರಿಗೂ ತಿಳಿದ ಮಾತು. ಆದರೆ ಏನೂ ಕದಿಯದಿದ್ದರೂ, ಇಂಥ ಜಾತಿಯಲ್ಲಿ ಹುಟ್ಟಿದ ಅನ್ನೋ ಕಾರಣಕ್ಕೇ ಒಬ್ಬನನ್ನು ಕಳ್ಳನೆಂದು ಬರೆದುಕೊಳ್ಳುವ ಕಾನೂನು ಈ ದೇಶದಲ್ಲಿ 80 ವರ್ಷಕ್ಕೂ ಮೀರಿ ಇತ್ತು. ಅದು 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ. ದಂಡಿಸುವ ಕಾನೂನಿನ ಕೈ ಹೇಗೆ ಉದ್ದವಾಗುತ್ತಾ ಹೋಗುತ್ತದೆ ಎಂಬುದನ್ನು ತಿಳಿಯಲು ನಾವು ಇಲ್ಲಿಂದಲೇ ಶುರು ಮಾಡಬೇಕು.

ಸರ್ಕಾರ ಒಂದು ಸಮುದಾಯವನ್ನು ಅಪರಾಧಿ ಎಂದು ಸಾರಿದರೆ ಮುಗಿಯಿತು. ಅದನ್ನು ಯಾವ ಕೋರ್ಟೂ ಪ್ರಶ್ನಿಸುವಂತಿರಲಿಲ್ಲ. ಹೆಸರು ಬರೆಸಬೇಕು, ಹಾಜರಿ ಕೊಡಬೇಕು, ಪಾಸಿಲ್ಲದೆ ಗಡಿ ದಾಟಿದರೆ ಶಿಕ್ಷೆ. ಅಂದರೆ ನಡೆದಾಡುವುದೇ ಗುನ್ನೆಯಾಯಿತು. 1911ರಲ್ಲಿ ಈ ಕಾಯ್ದೆ ಮದ್ರಾಸು ಪ್ರಾಂತ್ಯಕ್ಕೂ ಚಾಚಿತು. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಊರೂರು ತಿರುಗುತ್ತಿದ್ದ ಕೊರಚ, ಕೊರವರ ಬದುಕೇ ಅನುಮಾನಕ್ಕೆ ಸಾಕ್ಷಿಯಾಯಿತು. ಹುಬ್ಬಳ್ಳಿಯಲ್ಲಿ ಇಂಥ ಸಮುದಾಯಗಳನ್ನು ಕೂಡಿಹಾಕಿದ್ದ ಜಾಗಕ್ಕೆ ಜನ ಈಗಲೂ ಸೆಟ್ಲಮೆಂಟ್ ಅಂತಲೇ ಅನ್ನುತ್ತಾರೆ.

1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಪಟ್ಟಿಯಲ್ಲಿದ್ದವರು ವಿಮುಕ್ತರಾದರು. ಆದರೆ ಕಾಯ್ದೆ ಸತ್ತರೂ ಅದರ ಕಣ್ಣು ಮುಚ್ಚಲಿಲ್ಲ. ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ತಂದವು. ನಮ್ಮ ರಾಜ್ಯದ್ದು 1961ರದು. ಕಾಗದದ ಮೇಲೆ ಸಮುದಾಯ ಹೋಗಿ ವ್ಯಕ್ತಿ ಬಂದ. 2000ದಲ್ಲೇ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಈ ಕಾಯ್ದೆಗಳು ಬೇಡ ಅಂದಿತು.

1871ರ ಕಾಯ್ದೆಯ ಇನ್ನೊಂದು ಭಾಗ ಹಿಜ್ರಾಗಳ ಪಟ್ಟಿ ಇಡಲು ಹೇಳಿತ್ತು. 140 ವರ್ಷಗಳ ನಂತರ, 2011ರಲ್ಲಿ, ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿದ 36ಎ ಕಲಮು ಮತ್ತೆ ಅಂಥದೇ ಪಟ್ಟಿಗೆ ದಾರಿ ಮಾಡಿತು. ಅವರನ್ನು ಹೆಸರಿಸುತ್ತಿದ್ದ ಪದವನ್ನು ತೆಗೆಸಲು 2016ರವರೆಗೆ ಹೋರಾಡಬೇಕಾಯಿತು. ಜೈಲಿನೊಳಗೂ ಕೇರಿ ಇತ್ತು: ಜಾತಿ ನೋಡಿ ಕಸ ಗುಡಿಸುವ, ಅಡುಗೆ ಮಾಡುವ ಕೆಲಸ ಹಂಚುತ್ತಿದ್ದ ಕೈಪಿಡಿಗಳ ನಿಯಮಗಳನ್ನು ಸುಪ್ರೀಂ ಕೋರ್ಟು ರದ್ದು ಮಾಡಿದ್ದು 2024ರ ಅಕ್ಟೋಬರಿನಲ್ಲಿ.

ಹಾಗಾದರೆ ದಂಡಿಸುವ ಕಾನೂನು ಕುಗ್ಗಿದಷ್ಟೂ ಒಳ್ಳೇದು ಅನ್ನೋಣವೇ? ದಲಿತ ಚಿಂತನೆ ಇದನ್ನು ಸುಲಭವಾಗಿ ಒಪ್ಪಲಾಗದು. ಅಸ್ಪೃಶ್ಯತೆಯನ್ನು ಅಪರಾಧವಾಗಿಸಿದ 1955ರ ಕಾಯ್ದೆ, 1989ರ ದೌರ್ಜನ್ಯ ತಡೆ ಕಾಯ್ದೆ, ಇವೂ ದಂಡಿಸುವ ಕಾನೂನುಗಳೇ. ಇವು ಬೇಕೆಂದವರು ನಾವು. ಆದರೆ 2000ದ ಮಾರ್ಚಿನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಅಲೆಮಾರಿಯ ಗುಡಿಸಲಿಗೆ ಉದ್ದವಾಗುವ ಕೈ, ಬಲಾಢ್ಯರ ಮನೆ ಮುಂದೆ ಮೊಟಕಾಗುತ್ತದೆ.

ಆದ್ದರಿಂದ ಕಾನೂನು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬ ಲೆಕ್ಕವೊಂದೇ ಸಾಲದು. ಪ್ರತಿ ಹೊಸ ಕಾಯ್ದೆ ಬಂದಾಗಲೂ ಕೇಳಬೇಕು: ಇದು ಒಬ್ಬ ಮಾಡಿದ್ದನ್ನು ದಂಡಿಸುತ್ತದೋ, ಅವನ ಹುಟ್ಟನ್ನೋ? ಪಟ್ಟಿ ಬರೆಯುವ ಪೆನ್ನು ಯಾರ ಕೈಲಿದೆ? ಆ ಪಟ್ಟಿಯನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದೋ ಇಲ್ಲವೋ?